ಗಾಯಕರ ಅಟ್ಟ: ಕಾಫಿ ಬೆಟ್ಟಗಳ ದೇವಾಲಯ ಸಂಗೀತಗಾರರು

ದೇವಾಲಯವೊಂದರ ನೂರು ವರುಷಗಳ ಚರಿತ್ರೆಯನ್ನು ಬರೆಯಹೊರಟವರಿಗೆ ಆಧಾರಗಳ ಅಭಾವ ಸಾಮಾನ್ಯವಾಗಿ ತಲೆದೋರುವುದಿಲ್ಲ. ಅಡಿಗಲ್ಲನ್ನು ಇಟ್ಟ ದಿನಾಂಕ ಕಲ್ಲಿನ ಮೇಲೆಯೇ ಕೆತ್ತಿರುತ್ತದೆ. ಸೇವೆ ಸಲ್ಲಿಸಿದ ಗುರುಗಳ ಹೆಸರುಗಳು ಗೋಡೆಯ ಹಲಗೆಯ ಮೇಲೆ ಸಾಲುಗೊಂಡಿರುತ್ತವೆ. ಜ್ಞಾನಸ್ನಾನದ ದಫ್ತರವನ್ನು ತೆರೆದರೆ ಕೂಸಿನ ಹೆಸರು, ಹೆತ್ತವರ ಹೆಸರು, ಜ್ಞಾನ ತಂದೆತಾಯಿಗಳ ಹೆಸರು, ಅವರಿದ್ದ ತೋಟದ ಹೆಸರು ಎಲ್ಲವೂ ದೊರೆಯುತ್ತವೆ. ಗಂಟೆಯನ್ನು ದಾನ ಮಾಡಿದವರು ಯಾರೆಂಬುದು ಗಂಟೆಯ ಅಂಚಿನಲ್ಲಿಯೇ ಇದೆ. ಆದರೆ ಆ ಗಂಟೆಯ ನಾದ ಅಡಗಿದೊಡನೆ ಹಿಂಭಾಗದ ಮರದ ಅಟ್ಟದಿಂದ ಮೊದಲ ಸ್ವರವನ್ನು ಎತ್ತಿಕೊಟ್ಟವರು ಯಾರು? ಈ ಪ್ರಶ್ನೆಗೆ ಯಾವ ದಫ್ತರವೂ ಉತ್ತರ ಹೇಳುವುದಿಲ್ಲ. ಹಾಡಿದವನ ಕೆಲಸ ಹಾಡಿನೊಡನೆಯೇ ಮುಗಿದುಹೋಗುತ್ತದೆ ಎಂದು ನಮ್ಮ ಪೂರ್ವಿಕರು ಭಾವಿಸಿದ್ದರೋ ಏನೋ!

ಇಂದು ಪರಿಸ್ಥಿತಿ ಬೇರೆಯಾಗಿದೆ. ಆರಾಧನಾ ಸಂಗೀತಗಾರನೆಂಬುವನು ಈಗ ಹೆಸರುಳ್ಳ ವ್ಯಕ್ತಿ. ಅವನ ಹಾಡುಗಳು ಧ್ವನಿಮುದ್ರಿತವಾಗುತ್ತವೆ, ಭಾವಚಿತ್ರ ಪ್ರಕಟವಾಗುತ್ತದೆ, ಅವನ ಜೀವನವೃತ್ತಾಂತವನ್ನು ಯುವಕರು ಬಲ್ಲರು. ಈ ಹೊಸ ಸಂಗೀತಗಾರನಿಗೂ ಅಟ್ಟದ ಮೇಲಿನ ಆ ಹಳೆಯ ಅನಾಮಧೇಯನಿಗೂ ಇರುವ ಸಂಬಂಧವೇನು, ಒಬ್ಬನಿಂದ ಇನ್ನೊಬ್ಬನವರೆಗೆ ನಾವು ಬಂದುದು ಹೇಗೆ, ಬರುವ ದಾರಿಯಲ್ಲಿ ಪಡೆದುದೇನು ಕಳೆದುಕೊಂಡುದೇನು ಎಂಬುದನ್ನು ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಈ ಬೆಟ್ಟಸೀಮೆಯನ್ನು ಕಣ್ಣಮುಂದಿಟ್ಟುಕೊಂಡು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ನೂರು ವರುಷಗಳ ಹಿಂದೆ ಈ ಸೀಮೆ ಮೈಸೂರು ಧರ್ಮಪ್ರಾಂತ್ಯಕ್ಕೆ ಸೇರಿತ್ತು. ಅದರ ಆಡಳಿತ ಪ್ಯಾರಿಸ್ಸಿನ ವಿದೇಶ ಧರ್ಮಪ್ರಚಾರ ಸಂಘದ ಫ್ರೆಂಚ್ ಗುರುಗಳ ಕೈಯಲ್ಲಿತ್ತು. ೧೯೨೨ರಿಂದ ಧರ್ಮಾಧ್ಯಕ್ಷರಾಗಿದ್ದವರು ಪೂಜ್ಯ ಮಾರಿಸ್ ದೆಸ್ಪಾತ್ಯೂರ್ ಅವರು. ಗುರುಗಳು ಫ್ರೆಂಚರಾದರೂ ಭಕ್ತಜನ ಹಲವು ದಿಕ್ಕುಗಳಿಂದ ಬಂದು ಸೇರಿದವರು. ಹತ್ತೊಂಬತ್ತನೆಯ ಶತಮಾನದಲ್ಲಿ ಕಾಫಿ ತೋಟಗಳು ಹಬ್ಬಿದಂತೆಲ್ಲ ಚಾರ್ಮಾಡಿ ಘಟ್ಟವನ್ನೇರಿ ದಕ್ಷಿಣ ಕನ್ನಡದ ಕೊಂಕಣಿ ಕುಟುಂಬಗಳು ಬಂದವು. ಮೇಸ್ತ್ರಿಗಳೊಡನೆ ತಮಿಳು ಸೀಮೆಯ ಕೂಲಿಕಾರರು ಬಂದು ಲೈನ್ ಮನೆಗಳಲ್ಲಿ ನೆಲಸಿದರು. ಹಾಸನದ ಕಡೆಯಲ್ಲಿ, ಇಂದು ಹೇಮಾವತಿಯ ಹಿನ್ನೀರಿನಲ್ಲಿ ವರ್ಷವರ್ಷವೂ ಮುಳುಗಿ ಏಳುತ್ತಿರುವ ಶೆಟ್ಟಿಹಳ್ಳಿಯ ಜಪಮಾಲೆ ಮಾತೆಯ ದೇವಾಲಯದಂತಹ ಗುಡಿಗಳ ಸುತ್ತ, ಕನ್ನಡವನ್ನೇ ಆಡುವ ಹಳೆಯ ಕ್ರೈಸ್ತ ಊರುಗಳಿದ್ದವು. ಹೀಗೆ ಬಂದವರು ತಲೆಯ ಮೇಲಿನ ಗಂಟುಮೂಟೆಯ ಜೊತೆಗೆ ಕಂಠದಲ್ಲಿ ತಮ್ಮ ತಮ್ಮ ಹಾಡುಗಳನ್ನೂ ತಂದರು.

ಕೊಂಕಣಿಗರ ಸಂಗೀತ ಪರಂಪರೆ ಗೋವೆಯಲ್ಲಿ ಹುಟ್ಟಿದ್ದು. ಪೋರ್ಚುಗೀಸರ ಕಾಲದಲ್ಲಿ ಅಲ್ಲಿಯ ದೇವಾಲಯಗಳ ಜೊತೆಗೆ ಶಾಲೆಗಳು ನಡೆಯುತ್ತಿದ್ದು, ಮಕ್ಕಳಿಗೆ ಅಕ್ಷರದೊಡನೆ ಸ್ವರಜ್ಞಾನವನ್ನೂ ಕಲಿಸಲಾಗುತ್ತಿತ್ತು. ಹಾಗೆ ಕಲಿಸುವ ಗಾಯನಗುರುವಿಗೆ ಊರಿನಲ್ಲಿ ಗೌರವದ ಸ್ಥಾನವಿತ್ತು. ಅಲ್ಲಿಂದ ಕೆನರಾ ಸೀಮೆಗೆ ವಲಸೆ ಬಂದವರು ಈ ಸಂಸ್ಕಾರವನ್ನು ಬಿಡಲಿಲ್ಲ. ತಪಸ್ಸುಕಾಲದಲ್ಲಿ ಇಂದಿಗೂ ಕೇಳಿಬರುವ, ಗೆತ್ಸೆಮನಿ ತೋಟದಲ್ಲಿ ಯೇಸುಸ್ವಾಮಿ ಪಟ್ಟ ಸಂಕಟವನ್ನು ಕುರಿತ ‘ರಿಗ್ಲೊ ಜೆಜು ಮೊಳ್ಯಾಂತ್’ ಎಂಬ ಕೊಂಕಣಿ ಗೀತೆಯ ಕರ್ತೃ ಹದಿನೆಂಟನೆಯ ಶತಮಾನದ ಗೋವೆಯ ಗುರು ಜೋಕಿಂ ಮಿರಾಂದ. ಟಿಪ್ಪುಸುಲ್ತಾನನ ಕಾಲದಲ್ಲಿ ಕೆನರಾದ ಕ್ರೈಸ್ತರು ಸೆರೆಯ ಕಷ್ಟವನ್ನು ಅನುಭವಿಸಿದರಷ್ಟೆ. ಆ ಸಂಕಟದ ನಡುವೆ ಈ ಗೀತೆ ರಚಿತವಾಯಿತೆಂದು ಪರಂಪರೆ ಹೇಳುತ್ತದೆ. ಕೊಂಕಣಿ ಸೀಮೆಯ ಆರಾಧನಾ ಸಂಗೀತಗಾರರಲ್ಲಿ ಹೆಸರು ಉಳಿದಿರುವ ಹಿರಿಯರಲ್ಲಿ ಇವರೊಬ್ಬರು. ಹೆಸರು ಉಳಿದದ್ದು ಹಾಡಿನ ಬಲದಿಂದಲೇ ಹೊರತು ಬೇರೆ ಯಾವ ಕಾರಣದಿಂದಲೂ ಅಲ್ಲ.

ತಮಿಳರ ಭಂಡಾರವೂ ಬಡವಾದುದಲ್ಲ. ಇಟಲಿಯಿಂದ ಬಂದು ತಮಿಳಿನಲ್ಲಿ ಮಹಾಕವಿಯೆನಿಸಿದ ಜೆಸ್ವಿತ್ ಗುರು ಬೆಸ್ಕಿ, ಅಂದರೆ ವೀರಮಾಮುನಿವರ್ (೧೬೮೦–೧೭೪೭), ಸಂತ ಜೋಸೆಫರನ್ನು ಕುರಿತು ‘ತೇಂಬಾವಣಿ’ಯನ್ನು ರಚಿಸಿದರು. ತಂಜಾವೂರಿನ ವೇದನಾಯಕ ಶಾಸ್ತ್ರಿಗಳು (೧೭೭೪–೧೮೬೪) ಪ್ರೊಟೆಸ್ಟೆಂಟರಾದರೂ ಅವರ ಕೀರ್ತನೆಗಳು ಪಂಥದ ಗಡಿಯನ್ನು ದಾಟಿ ಹಬ್ಬಿದವು. ಲೈನ್ ಮನೆಯಲ್ಲಿ ದಿನಗೂಲಿಯ ಮೇಲೆ ಬದುಕುತ್ತಿದ್ದವರ ಹಿಂದೆ ಇಂತಹ ಸಾಹಿತ್ಯವಿತ್ತೆಂಬುದನ್ನು ಬಂಗಲೆಯ ದೊರೆಗಳು ತಿಳಿದಿದ್ದರೆಂದು ತೋರುವುದಿಲ್ಲ.

ಆದರೆ ಈ ಯಾವ ಭಾಷೆಗೂ ಪೂಜೆಯ ಒಳಗೆ ಪ್ರವೇಶವಿರಲಿಲ್ಲ. ಪೂಜೆ ಲ್ಯಾಟಿನ್ ಭಾಷೆಯದು. ಸಾಧಾರಣ ಭಾನುವಾರ ಗುರುಗಳು ಪೀಠದ ಕಡೆಗೆ ಮುಖಮಾಡಿ ಮೆಲುದನಿಯಲ್ಲಿ ಪೂಜೆ ಮಾಡುತ್ತಿದ್ದರೆ ಜನರು ಜಪಸರವನ್ನು ಹಿಡಿದು ತಮ್ಮ ಪಾಡಿಗೆ ತಾವು ಪ್ರಾರ್ಥಿಸುತ್ತಿದ್ದರು. ಹಬ್ಬದ ದಿನಗಳಲ್ಲಿ ಮಾತ್ರ ಹಾಡುಪೂಜೆ. ಆಗ ಅಟ್ಟದ ಮೇಲಿನವರಿಗೆ ಕೆಲಸ. ಲ್ಯಾಟಿನ್ ಅಕ್ಷರವನ್ನು ಓದಲಾರದವರಿಗಾಗಿ ಆ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಡುತ್ತಿದ್ದರು. ಅರ್ಥ ತಿಳಿಯದಿದ್ದರೂ ಉಚ್ಚಾರ ತಪ್ಪಬಾರದೆಂಬ ಶ್ರದ್ಧೆ ಎಷ್ಟಿತ್ತೆಂದರೆ, ಆ ಕಾಲದ ಗಾಯಕರಲ್ಲಿ ಮುಪ್ಪಿನಲ್ಲಿಯೂ ಮೃತರ ಪೂಜೆಯ ಗಾನವನ್ನು ಮೊದಲಿನಿಂದ ಕೊನೆಯವರೆಗೆ ಪುಸ್ತಕವಿಲ್ಲದೆ ಹಾಡಬಲ್ಲವರಿದ್ದರು. ಅದನ್ನು ಕೇವಲ ಕಂಠಪಾಠವೆಂದು ಹೀಗಳೆಯುವವರುಂಟು. ನನಗೇನೋ ಅದು ಅನ್ಯಾಯವೆಂದು ತೋರುತ್ತದೆ. ಅರ್ಥವನ್ನು ಬದಿಗಿಟ್ಟು ಧ್ವನಿಯನ್ನಷ್ಟೇ ದೇವರಿಗೆ ಒಪ್ಪಿಸುವುದಕ್ಕೂ ಒಂದು ಬಗೆಯ ವಿನಯ ಬೇಕು.

ಈ ಗಾಯಕರೆಲ್ಲರೂ ಗಂಡಸರು ಮತ್ತು ಬಾಲಕರು ಎಂಬುದನ್ನು ಗಮನಿಸಬೇಕು. ೧೯೦೩ರ ನವೆಂಬರ್ ೨೨ರಂದು, ಸಂಗೀತಗಾರರ ಪಾಲಕಿಯಾದ ಸಂತ ಸಿಸಿಲಿಯಳ ಹಬ್ಬದ ದಿನ, ಜಗದ್ಗುರು ಹತ್ತನೆಯ ಪಯಸ್‌ರವರು ಹೊರಡಿಸಿದ ಆಜ್ಞಾಪತ್ರ ದೇವಾಲಯ ಸಂಗೀತವನ್ನು ನಾಟಕಶಾಲೆಯ ಸಂಗೀತದಿಂದ ಬೇರ್ಪಡಿಸಿತು. ಗ್ರೆಗೋರಿಯನ್ ಗಾನಕ್ಕೆ ಅದು ಅಗ್ರಸ್ಥಾನವನ್ನು ಕೊಟ್ಟಿತು. ಪಿಯಾನೊವನ್ನೂ ಗದ್ದಲದ ವಾದ್ಯಗಳನ್ನೂ ನಿಷೇಧಿಸಿತು. ಗಾಯನವೃಂದದ್ದು ಪೂಜಾಸೇವೆಯ ಒಂದು ಪದವಿಯಾದ ಕಾರಣ ಸ್ತ್ರೀಯರಿಗೆ ಅಲ್ಲಿ ಸ್ಥಾನವಿಲ್ಲವೆಂದು ವಿಧಿಸಿತು. ಮನೆಯಲ್ಲಿ ತೊಟ್ಟಿಲು ತೂಗುತ್ತ, ಕಣದಲ್ಲಿ ಕಾಫಿ ಹರವುತ್ತ ಹಾಡುತ್ತಿದ್ದವಳು ದೇವಾಲಯದೊಳಗೆ ಬಂದೊಡನೆ ಮೌನಿಯಾಗಬೇಕಾಗಿತ್ತು. ಮುಂದೆ ಹನ್ನೆರಡನೆಯ ಪಯಸ್‌ರವರು ೧೯೫೫ರ ವಿಶ್ವಪತ್ರದಲ್ಲಿ ಈ ಬಿಗಿಯನ್ನು ಸಡಿಲಿಸಿ, ಬಾಲಕರ ವೃಂದ ಸಾಕಾಗದ ಕಡೆ ಸ್ತ್ರೀಯರೂ ಪವಿತ್ರಸ್ಥಳದ ಹೊರಗೆ ನಿಂತು ಹಾಡಬಹುದೆಂದರು. ಇಂದು ನಮ್ಮ ಬೆಟ್ಟದ ಯಾವ ದೇವಾಲಯಕ್ಕೆ ಹೋಗಿ ನೋಡಿದರೂ ಗಾಯನವೃಂದದಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಅವರಿಗೆ ಹಾಡು ಕಲಿಸಿದವರು ಬಹುಪಾಲು ಕನ್ಯಾಸ್ತ್ರೀಯರು. ಐವತ್ತು ವರುಷಗಳ ಅವಧಿಯಲ್ಲಿ ಆದ ಈ ಬದಲಾವಣೆಯ ಬಗ್ಗೆ ನಾವು ಮಾತನಾಡುವುದೇ ಕಡಿಮೆ.

ಅಟ್ಟದ ಮೇಲಿನ ನಾಯಕ ಯಾರಾಗಿರುತ್ತಿದ್ದ? ಒಂದೋ ಉಪದೇಶಿ, ಇಲ್ಲವೇ ಶಾಲಾ ಉಪಾಧ್ಯಾಯ, ಇಲ್ಲವೇ ತೋಟದ ರೈಟರು. ಮೂವರೂ ಲೆಕ್ಕ ಬಲ್ಲವರು, ಮೂವರೂ ಅಲ್ಪ ಸಂಬಳದವರು. ಸಂಗೀತದಿಂದ ಅವರಿಗೆ ಬರುತ್ತಿದ್ದುದು ಮದುವೆಯ ಮನೆಯ ಊಟ, ಹಬ್ಬದ ದಿನ ಗುರುಗಳ ಮನೆಯಲ್ಲಿ ಒಂದು ಲೋಟ ಕಾಫಿ. ಕ್ರಿಸ್ತಜಯಂತಿ ಕಾಫಿ ಹಣ್ಣಿನ ಕುಯಿಲಿನ ಮಧ್ಯಕ್ಕೇ ಬೀಳುವುದು ಈ ಸೀಮೆಯ ವಿಶೇಷ. ಡಿಸೆಂಬರಿನಲ್ಲಿ ರೈಟರು ಹಗಲೆಲ್ಲ ಕುಯಿಲಿನ ಅಳತೆ ಬರೆದು, ಪಲ್ಪರಿನ ಕೆಲಸ ಮುಗಿಸಿ, ರಾತ್ರಿ ಲಾಟೀನು ಹಿಡಿದು ಎರಡು ಮೂರು ಮೈಲಿ ನಡೆದು ಅಭ್ಯಾಸಕ್ಕೆ ಬರಬೇಕಾಗಿತ್ತು. ಬರುವ ಹುಡುಗರ ಬೆರಳುಗಳಲ್ಲಿ ಹಣ್ಣಿನ ಅಂಟು ಹಾಗೆಯೇ ಇರುತ್ತಿತ್ತು. ಇಂತಹವರು ಕಲಿಸಿದ ಸಂಗೀತ ರೋಮಿನ ನಿಯಮಕ್ಕೆ ಎಷ್ಟು ಸರಿಹೊಂದುತ್ತಿತ್ತೆಂದು ವಿಚಾರಿಸುವುದು ಅನವಶ್ಯಕ.

ಇನ್ನು ವಾದ್ಯದ ಮಾತು. ಕೊಳವೆಯ ಆರ್ಗನ್ ನಮ್ಮ ಬೆಟ್ಟಗಳಿಗೆ ಕನಸಿನ ವಸ್ತು. ಅದರ ಸ್ಥಾನದಲ್ಲಿ ಕುಳಿತದ್ದು ಹಾರ್ಮೋನಿಯಂ. ಪ್ಯಾರಿಸ್ಸಿನ ಅಲೆಕ್ಸಾಂಡ್ರ್ ದೆಬ್ಯಾಂ ಎಂಬಾತ ೧೮೪೨ರಲ್ಲಿ ಇದಕ್ಕೆ ಹಕ್ಕುಪತ್ರವನ್ನು ಪಡೆದ. ಕಾಲಿನಿಂದ ತಿದಿಯೊತ್ತುವ ಆ ಪೆಟ್ಟಿಗೆಯನ್ನು ಕಲ್ಕತ್ತೆಯ ದ್ವಾರಕಾನಾಥ ಘೋಷರು ೧೮೭೫ರ ಸುಮಾರಿಗೆ ನೆಲದ ಮೇಲೆ ಕುಳಿತು ಕೈಯಿಂದ ತಿದಿಯೊತ್ತಿ ನುಡಿಸುವಂತೆ ಮಾರ್ಪಡಿಸಿದರು. ನಾಟಕದ ಕಂಪನಿಗಳು, ಹರಿಕಥೆಯ ದಾಸರು, ಭಜನೆಯ ಮಂಡಳಿಗಳು, ಕ್ರೈಸ್ತ ದೇವಾಲಯಗಳು ಇದನ್ನು ಒಟ್ಟಿಗೆ ಸ್ವೀಕರಿಸಿದವು. ಶಾಸ್ತ್ರೀಯ ಸಂಗೀತದ ವಿದ್ವಾಂಸರಿಗೆ ಮಾತ್ರ ಇದು ಹಿಡಿಸಲಿಲ್ಲ. ಗಮಕವನ್ನು ನುಡಿಸಲಾರದ ವಾದ್ಯವೆಂದು ಆಕಾಶವಾಣಿಯು ೧೯೪೦ರಿಂದ ೧೯೭೧ರವರೆಗೆ ಇದನ್ನು ಹೊರಗಿಟ್ಟಿತ್ತು. ಬಾನುಲಿಯಿಂದ ಬಹಿಷ್ಕೃತವಾದ ಈ ಬಡಪಾಯಿ ವಾದ್ಯ ಅಷ್ಟೂ ಕಾಲ ದೇವರ ಸನ್ನಿಧಿಯಲ್ಲಿ ಯಾವ ಅಡ್ಡಿಯೂ ಇಲ್ಲದೆ ನುಡಿಯುತ್ತಿತ್ತು.

ಹಾರ್ಮೋನಿಯಂಗೆ ಇಲ್ಲಿ ನಿಜವಾದ ಶತ್ರು ವಿದ್ವಾಂಸರಲ್ಲ, ಮಳೆಗಾಲ. ಮೂಡಿಗೆರೆ, ಕೊಟ್ಟಿಗೆಹಾರ, ಕಳಸದ ಮಳೆಯನ್ನು ಕಂಡವರಿಗೆ ವಿವರಣೆ ಬೇಕಿಲ್ಲ. ಜೂನ್ ತಿಂಗಳಿನಿಂದ ಮರ ಉಬ್ಬಿ ಮನೆಗಳು ಒತ್ತಿದಲ್ಲಿಯೇ ಕಚ್ಚಿಕೊಳ್ಳುತ್ತವೆ. ಹಿತ್ತಾಳೆಯ ರೀಡಿಗೆ ಕಿಲುಬು ಹಿಡಿದು ಸ್ವರ ಇಳಿಯುತ್ತದೆ. ತಿದಿಯ ಬಟ್ಟೆಗೆ ಬೂಷ್ಟು ಬರುತ್ತದೆ. ಇಲಿಗಳ ವಿಷಯ ಬೇರೆ. ವಾದ್ಯಗಾರ ಅದನ್ನು ಅಡುಗೆಮನೆಯ ಒಲೆಯ ಸಮೀಪದಲ್ಲಿಟ್ಟು ಬೆಚ್ಚಗೆ ಕಾಯಬೇಕು, ರೀಡನ್ನು ಬಿಚ್ಚಿ ಒರೆಸಿ ಮತ್ತೆ ಕೂರಿಸಬೇಕು. ಕೆಟ್ಟ ಮನೆಯೊಂದನ್ನು ಬಿಟ್ಟು ನುಡಿಸುವ ಜಾಣತನವೂ ಬೇಕು. ಹಾಡನ್ನು ಒಂದು ಸ್ವರ ಮೇಲಕ್ಕೋ ಕೆಳಕ್ಕೋ ಸರಿಸಿ ಆ ಮೂಗ ಮನೆಯನ್ನು ತಪ್ಪಿಸುತ್ತಿದ್ದರು. ಮಳೆಗಾಲದ ಹಾಡುಗಳು ಬೇಸಗೆಯ ಹಾಡುಗಳಿಗಿಂತ ಕೆಳಗಿನ ಶ್ರುತಿಯಲ್ಲಿ ಕೇಳುತ್ತಿದ್ದರೆ ಅದಕ್ಕೆ ಭಕ್ತಿಯೊಂದೇ ಕಾರಣವಲ್ಲ.

೧೯೬೩ರ ವರ್ಷಾಂತ್ಯದಲ್ಲಿ ಹದಿನೆಂಟು ದಿನಗಳ ಅಂತರದಲ್ಲಿ ಎರಡು ಘಟನೆಗಳು ಜರುಗಿದವು. ನವೆಂಬರ್ ೧೬ರಂದು ಮೈಸೂರಿನಿಂದ ಬೇರ್ಪಟ್ಟು ಚಿಕ್ಕಮಗಳೂರು ಧರ್ಮಪ್ರಾಂತ್ಯ ಸ್ಥಾಪಿತವಾಯಿತು. ಚಿಕ್ಕಮಗಳೂರು, ಹಾಸನ, ಶಿವಮೊಗ್ಗ ಜಿಲ್ಲೆಗಳು ಅದರ ವ್ಯಾಪ್ತಿಗೆ ಬಂದವು. (ಶಿವಮೊಗ್ಗ ೧೯೮೮ರಲ್ಲಿ ಪ್ರತ್ಯೇಕ ಧರ್ಮಪ್ರಾಂತ್ಯವಾಯಿತು.) ಡಿಸೆಂಬರ್ ೪ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ದೈವಾರಾಧನೆಯನ್ನು ಕುರಿತ ತನ್ನ ಸಂವಿಧಾನವನ್ನು ಘೋಷಿಸಿತು. ಭಕ್ತಜನರು ಆರಾಧನೆಯಲ್ಲಿ ಪ್ರೇಕ್ಷಕರಾಗಿರದೆ ತಿಳಿದು, ಮನಗೊಟ್ಟು ಪಾಲುಗೊಳ್ಳಬೇಕು. ಅದಕ್ಕಾಗಿ ಅವರವರ ಭಾಷೆಗೆ ಎಡೆಯಾಗಬೇಕು. ಗಾಯನವೃಂದಗಳನ್ನು ಬೆಳೆಸುವುದರ ಜೊತೆಗೆ ಇಡೀ ಸಭೆಯೂ ತನ್ನ ಪಾಲಿನ ಹಾಡನ್ನು ಹಾಡುವಂತೆ ನೋಡಿಕೊಳ್ಳಬೇಕು. ಸ್ವಂತ ಸಂಗೀತ ಪರಂಪರೆಯುಳ್ಳ ದೇಶಗಳಲ್ಲಿ ಅದಕ್ಕೆ ತಕ್ಕ ಮನ್ನಣೆ ದೊರೆಯಬೇಕು ಎಂಬುದು ಅದರ ಸಾರ. ೧೯೬೫ರ ಮಾರ್ಚ್ ೭ರಂದು ಜಗದ್ಗುರು ಆರನೆಯ ಪೌಲರು ರೋಮಿನ ದೇವಾಲಯವೊಂದರಲ್ಲಿ ಇಟಲಿಯ ಭಾಷೆಯಲ್ಲಿ ಬಲಿಪೂಜೆ ಅರ್ಪಿಸಿದರು. ನಮ್ಮ ನೂತನ ಧರ್ಮಪ್ರಾಂತ್ಯಕ್ಕೆ ಪ್ರಥಮ ಧರ್ಮಾಧ್ಯಕ್ಷರಾಗಿ ೧೯೬೪ರಲ್ಲಿ ಬಂದವರು ಪೂಜ್ಯ ಅಲ್ಫೋನ್ಸಸ್ ಮಥಾಯಸ್‌ರವರು. ಮುಂದೆ ಬೆಂಗಳೂರಿನ ಮಹಾಧರ್ಮಾಧ್ಯಕ್ಷರಾದವರು. ಅವರಿಗಾಗ ಮೂವತ್ತೈದರ ಹರೆಯ. ಅಂದಮೇಲೆ ನಮ್ಮ ಧರ್ಮಪ್ರಾಂತ್ಯದ ವಯಸ್ಸೂ ತಾಯ್ನುಡಿಯ ಆರಾಧನೆಯ ವಯಸ್ಸೂ ಹೆಚ್ಚುಕಡಿಮೆ ಒಂದೇ.

ಅಟ್ಟದ ಮೇಲಿನ ನಾಯಕನಿಗೆ ಇದು ಸಂತೋಷದ ವಾರ್ತೆಯೋ ಗಾಬರಿಯ ವಾರ್ತೆಯೋ ಹೇಳುವುದು ಕಷ್ಟ. ಜೀವಮಾನವೆಲ್ಲ ಕಲಿತದ್ದು ಒಮ್ಮೆಗೇ ಕೆಲಸಕ್ಕೆ ಬಾರದಾಯಿತು. ಹೊಸದಾಗಿ ಬೇಕಾದದ್ದು ಕನ್ನಡದ ಹಾಡು, ಅದು ಎಲ್ಲಿತ್ತು? ಕನ್ನಡದಲ್ಲಿ ಕ್ರೈಸ್ತ ಗೀತೆಗಳನ್ನು ಬೆಳೆಸಿದವರು ಬಾಸೆಲ್ ಮಿಶನ್ನಿನ ಪ್ರೊಟೆಸ್ಟೆಂಟರು. ನಿಘಂಟುಕಾರ ಫರ್ಡಿನೆಂಡ್ ಕಿಟೆಲ್‌ರವರು ೧೮೬೨ರಷ್ಟು ಹಿಂದೆಯೇ ಯೇಸುಸ್ವಾಮಿಯ ಚರಿತ್ರೆಯನ್ನು ಕನ್ನಡದ ದೇಸಿ ಮಟ್ಟುಗಳಲ್ಲಿ ‘ಕಥಾಮಾಲೆ’ಯಾಗಿ ಹಾಡಿದ್ದರು. ಕಥೋಲಿಕರಿಗೆ ಲ್ಯಾಟಿನ್ ಇದ್ದುದರಿಂದ ಪೂಜೆಗೆ ಕನ್ನಡದ ಹಾಡು ಕಟ್ಟುವ ಅಗತ್ಯವೇ ಅಷ್ಟಾಗಿ ತೋರಿರಲಿಲ್ಲ. ಈಗ ಅವಸರದಲ್ಲಿ ಸಿಕ್ಕಿದ ಪಾಶ್ಚಾತ್ಯ ಧಾಟಿಗಳಿಗೆ ಕನ್ನಡದ ಪದಗಳನ್ನು ತುಂಬತೊಡಗಿದರು.

ಇಲ್ಲಿ ಒಂದು ಸೂಕ್ಷ್ಮವಿದೆ. ಕನ್ನಡದಲ್ಲಿ ಸ್ವರದ ಹ್ರಸ್ವದೀರ್ಘಗಳೇ ಪದದ ಅರ್ಥವನ್ನು ನಿರ್ಣಯಿಸುತ್ತವೆ. ಪಾಶ್ಚಾತ್ಯ ಧಾಟಿ ತನಗೆ ಬೇಕಾದ ಕಡೆ ನಿಲ್ಲುತ್ತದೆ, ಪದದ ಗೋಜಿಗೆ ಹೋಗುವುದಿಲ್ಲ. ಧಾಟಿ ನಿಂತ ಜಾಗದಲ್ಲಿ ಹ್ರಸ್ವಾಕ್ಷರ ಸಿಕ್ಕಿಕೊಂಡರೆ ‘ವರ’ವೆಂಬುದು ‘ವಾರ’ವಾಗುತ್ತದೆ, ‘ಪದ’ವೆಂಬುದು ‘ಪಾದ’ವಾಗುತ್ತದೆ. ದೇವರಲ್ಲಿ ವರವನ್ನು ಬೇಡಲು ನಿಂತ ಸಭೆ ವಾರವನ್ನು ಬೇಡಿ ಮನೆಗೆ ಮರಳಿದ ಪ್ರಸಂಗಗಳು ಆ ದಿನಗಳಲ್ಲಿ ಅಪರೂಪವಾಗಿರಲಿಲ್ಲ. ಅಟ್ಟದ ನಾಯಕನ ನಿಜವಾದ ಪ್ರತಿಭೆ ಹೊರಬಿದ್ದುದು ಆಗ. ಪದವನ್ನು ಬದಲಾಯಿಸುವುದು, ಸ್ವರವನ್ನು ಒಡೆದು ಎರಡಕ್ಷರಕ್ಕೆ ಹಂಚುವುದು, ಧಾಟಿಯನ್ನೇ ಸ್ವಲ್ಪ ಬಗ್ಗಿಸುವುದು ಮುಂತಾದ ಉಪಾಯಗಳಿಂದ ಎಷ್ಟೋ ಹಾಡುಗಳನ್ನು ಬಾಯಿಗೆ ಹಿಡಿಸುವಂತೆ ಮಾಡಿದರು. ಒಂದೇ ಹಾಡು ಊರಿಂದೂರಿಗೆ ಕೊಂಚ ಬೇರೆಯಾಗಿ ಕೇಳುವುದಕ್ಕೆ ಇದೂ ಕಾರಣ. ಅದನ್ನು ತಪ್ಪೆಂದು ತಿದ್ದಹೊರಡುವ ಮುನ್ನ ಎರಡು ಬಾರಿ ಯೋಚಿಸುವುದೊಳ್ಳೆಯದು.

ಭಾರತೀಯ ಸಂಗೀತದ ಕಡೆಗೆ ತಿರುಗಿದವರೂ ಇದ್ದರು. ದೈವವಾಣಿ ಸಭೆಯ ಜರ್ಮನ್ ಗುರು ಜಾರ್ಜ್ ಪ್ರೋಕ್ಷ್ (೧೯೦೪–೧೯೮೬) ಹಿಂದುಸ್ತಾನಿ ಸಂಗೀತವನ್ನು ಅಭ್ಯಸಿಸಿ, ಮುಂಬಯಿಯ ಅಂಧೇರಿಯಲ್ಲಿ ಜ್ಞಾನಾಶ್ರಮವನ್ನು ಸ್ಥಾಪಿಸಿ, ಭಜನೆ ನೃತ್ಯಗಳ ಮೂಲಕ ಸುವಾರ್ತೆಯನ್ನು ಸಾರಿದರು. ನಮಗೆ ಇನ್ನೂ ಹತ್ತಿರದ ಪ್ರಭಾವ ಬೆಂಗಳೂರಿನದು. ಪೂಜ್ಯ ಡಿ. ಎಸ್. ಅಮಲೋರ್‌ಪವದಾಸ್‌ರವರ (೧೯೩೨–೧೯೯೦) ನೇತೃತ್ವದಲ್ಲಿ ಅಲ್ಲಿ ನಡೆಯುತ್ತಿದ್ದ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಹಾಗೂ ದೈವಾರಾಧನಾ ಕೇಂದ್ರದಲ್ಲಿ ತರಬೇತಿ ಪಡೆದ ಗುರುಗಳೂ ಕನ್ಯಾಸ್ತ್ರೀಯರೂ ಭಜನೆ, ಆರತಿ, ನಾಮಸ್ಮರಣೆಗಳನ್ನು ಧರ್ಮಕೇಂದ್ರಗಳಿಗೆ ತಂದರು. ಭಾರತೀಯ ರೀತಿಯ ಹನ್ನೆರಡು ಮಾರ್ಪಾಡುಗಳಿಗೆ ರೋಮಿನ ಅನುಮತಿ ೧೯೬೯ರಲ್ಲಿ ದೊರೆತಿತ್ತು. ಎಲ್ಲರೂ ಇದನ್ನು ಹರ್ಷದಿಂದ ಸ್ವಾಗತಿಸಿದರೆಂದು ಬರೆದರೆ ಸುಳ್ಳಾದೀತು. ಹಿರಿಯರಲ್ಲಿ ಕೆಲವರು ಮುಖ ಗಂಟಿಕ್ಕಿದರು. ಆದರೆ ಭಜನೆಯಲ್ಲಿ ಒಂದು ಗುಣವಿತ್ತು: ಒಬ್ಬನು ಹೇಳಿಕೊಟ್ಟುದನ್ನು ಎಲ್ಲರೂ ಮರುನುಡಿಯುವುದರಿಂದ ಪುಸ್ತಕ ಬೇಕಿರಲಿಲ್ಲ, ಅಕ್ಷರವೂ ಬೇಕಿರಲಿಲ್ಲ. ಲೈನ್ ಮನೆಯ ಮುದುಕಿಗೆ ಪೂಜೆಯಲ್ಲಿ ಬಾಯಿ ಬಂದದ್ದು ಇದರಿಂದ.

ಭಾಷೆಯ ಪ್ರಶ್ನೆ ಮಾತ್ರ ಸುಲಭವಾಗಿ ಬಗೆಹರಿಯಲಿಲ್ಲ. ಲ್ಯಾಟಿನ್ ಯಾರ ಭಾಷೆಯೂ ಅಲ್ಲವಾದ್ದರಿಂದ ಜಗಳಕ್ಕೆ ಎಡೆಯಿರಲಿಲ್ಲ. ತಾಯ್ನುಡಿ ಬಂದೊಡನೆ ಯಾರ ತಾಯಿಯ ನುಡಿ ಎಂಬ ಪ್ರಶ್ನೆ ಎದ್ದಿತು. ಕನ್ನಡ ನಾಡಿನ ಹಲವು ಕಡೆ ಈ ವಿಷಯ ಮನಸ್ತಾಪಕ್ಕೂ ಬೀದಿಯ ಪ್ರತಿಭಟನೆಗೂ ತಿರುಗಿದ್ದು ಬಲ್ಲವರಿಗೆಲ್ಲ ತಿಳಿದದ್ದೇ. ನೆಲದ ಭಾಷೆಗೆ ಪೂಜೆಯಲ್ಲಿ ಪ್ರಥಮ ಸ್ಥಾನ ಸಲ್ಲಬೇಕೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಸತ್ತ ತಂದೆಯ ಶವದ ಮುಂದೆ ನಿಂತ ಮಗಳಿಗೆ ಬಾಲ್ಯದಲ್ಲಿ ಕೇಳಿದ ಕೊಂಕಣಿಯ ಹಾಡೋ ತಮಿಳಿನ ಹಾಡೋ 
ಬಾರದಿರಲಿ ಎಂದು ಯಾರು ಹೇಳಬಲ್ಲರು? ಈ ಇಕ್ಕಟ್ಟನ್ನು ಅಟ್ಟದ ಮೇಲಿನವರು ತಮ್ಮದೇ ರೀತಿಯಲ್ಲಿ ಪರಿಹರಿಸಿಕೊಂಡರು. ಅವರ ನೋಟುಪುಸ್ತಕಗಳಲ್ಲಿ ಮೂರು ಭಾಷೆಯ ಹಾಡುಗಳೂ ಒಂದೇ ಕನ್ನಡ ಲಿಪಿಯಲ್ಲಿ, ಒಂದರ ಹಿಂದೊಂದು ಬರೆದಿರುತ್ತವೆ. ಕೊಂಕಣಿ ಮನೆಯ ಹುಡುಗ ತಮಿಳರ ಶವಸಂಸ್ಕಾರಕ್ಕೆ, ತಮಿಳು ಮನೆಯ ಹುಡುಗಿ ಕೊಂಕಣಿಗರ ರೋಸಕ್ಕೆ ಹಾಡಿದ ಉದಾಹರಣೆಗಳು ಪ್ರತಿಯೊಂದು ಧರ್ಮಕೇಂದ್ರದಲ್ಲಿಯೂ ಉಂಟು. ಸಮಿತಿಗಳು ಮಾಡಲಾರದ ಕೆಲಸವನ್ನು ಹತ್ತಾಣೆಯ ನೋಟುಪುಸ್ತಕ ಮಾಡಿತು.

ಎಪ್ಪತ್ತು ಎಂಬತ್ತರ ದಶಕಗಳಲ್ಲಿ ಮತ್ತೊಂದು ಅಲೆ ಬಂದಿತು. ೧೯೬೭ರಲ್ಲಿ ಅಮೆರಿಕದ ಪಿಟ್ಸ್‌ಬರ್ಗಿನ ಡುಕೇನ್ ವಿಶ್ವವಿದ್ಯಾನಿಲಯದಲ್ಲಿ ಆರಂಭವಾದ ಪವಿತ್ರಾತ್ಮ ನವೀಕರಣ ಚಳವಳಿ ೧೯೭೨ರ ಹೊತ್ತಿಗೆ ಭಾರತವನ್ನು ಮುಟ್ಟಿತು. ಕೇರಳದ ಧ್ಯಾನಕೇಂದ್ರಗಳಿಗೆ ಬೆಟ್ಟದ ಊರುಗಳಿಂದ ಬಸ್ಸು ಮಾಡಿಕೊಂಡು ಹೋದವರು ಗಿಟಾರಿನ ನಾದ, ಕೈಚಪ್ಪಾಳೆ, ಸ್ತುತಿಗೀತೆಗಳನ್ನು ಹೊತ್ತು ತಂದರು. ಅದೇ ಹೊತ್ತಿಗೆ ಟೇಪ್‌ರೆಕಾರ್ಡರು ಮನೆಮನೆಗೂ ಬಂದಿತು. ಭಕ್ತಿಗೀತೆಯ ಕ್ಯಾಸೆಟ್ಟು ಗಾಯಕನಿಗೆ ಮೊದಲ ಬಾರಿಗೆ ಹೆಸರನ್ನೂ ಮುಖವನ್ನೂ ಕೊಟ್ಟಿತು. ಕೊಚ್ಚಿಯ ಕಥೋಲಿಕ ಮನೆತನದಲ್ಲಿ ೧೯೪೦ರಲ್ಲಿ ಜನಿಸಿದ ಕೆ. ಜೆ. ಯೇಸುದಾಸರ ಕಂಠ ಎಲ್ಲ ಮತದವರ ಮನೆಗಳನ್ನೂ ಹೊಕ್ಕಿತು. ಮಂಗಳೂರಿನಲ್ಲಿ ‘ಕೊಂಕಣ್ ಕೊಗುಳ್’ ಎಂದು ಬಿರುದಾಂಕಿತರಾದ ವಿಲ್ಫಿ ರೆಬಿಂಬಸ್ (೧೯೪೨–೨೦೧೦) ತಮ್ಮ ಹೆಸರಿನ ಸಂಗೀತ ರಾತ್ರಿಗಳಿಂದ, ಕೊಂಕಣಿಯಲ್ಲಿ ಹಾಡಿಯೂ ಒಬ್ಬನು ಹೆಸರು ಗಳಿಸಬಹುದೆಂದು ತೋರಿಸಿಕೊಟ್ಟರು. ಅವರ ಖ್ಯಾತಿಗೆ ಮೂಲ ಪ್ರೇಮ ಮತ್ತು ಸಂಸಾರದ ಗೀತೆಗಳೇ ಆದರೂ, ಘಟ್ಟದ ಮೇಲಿನ ನಮ್ಮ ಯುವ ಗಾಯಕರಿಗೆ ಮೇಲ್ಪಂಕ್ತಿಯಾದವರು ಅವರು.

ಹಾಗೆ ವೃತ್ತಿಯೆಂಬುದು ಹುಟ್ಟಿತು. ಈ ಕಾಲದ ಆರಾಧನಾ ಸಂಗೀತಗಾರರಲ್ಲಿ ಬೆಂಗಳೂರಿನ ಬೆನ್ನಿ ಪ್ರಸಾದರ ಉದಾಹರಣೆ ಸಾಕು. ಬಾಲ್ಯದಲ್ಲಿ ಉಬ್ಬಸ ಹಾಗೂ ಕೀಲುಬೇನೆಗಳಿಂದ ನರಳಿದ ಈತ ಗಿಟಾರಿಗೆ ಬೊಂಗೊ ಚರ್ಮವಾದ್ಯವನ್ನು ಜೋಡಿಸಿ ‘ಬೆಂಟಾರ್’ ಎಂಬ ಹೊಸ ವಾದ್ಯವನ್ನು ರೂಪಿಸಿದರು; ಅದನ್ನು ಹಿಡಿದು ೨೦೧೦ರ ವೇಳೆಗೆ ೨೪೫ ದೇಶ ಹಾಗೂ ಪ್ರದೇಶಗಳನ್ನು ಸುತ್ತಿಬಂದರು. ಎರಡು ಮೈಲಿ ಲಾಟೀನು ಹಿಡಿದು ನಡೆದ ನಮ್ಮ ರೈಟರಿಗೂ ಇವರಿಗೂ ಎಷ್ಟು ಅಂತರ! ಇವರು ನಮ್ಮ ಪಂಥದವರಲ್ಲ, ನಮ್ಮ ಪೂಜಾವಿಧಿಗೆ ಹಾಡುವವರೂ ಅಲ್ಲ. ಆದರೆ ನಮ್ಮ ಯುವಕರು ಸಂಗೀತವನ್ನು ಕನಸುವ ರೀತಿ ಇಂತಹವರನ್ನು ನೋಡಿ ರೂಪುಗೊಂಡದ್ದು. ಅಸೂಯೆಯಿಂದ ಈ ಮಾತನ್ನು ಹೇಳುತ್ತಿಲ್ಲ. ದೇವರು ಕೊಟ್ಟ ಕಂಠದಿಂದ ಒಬ್ಬನು ಗೌರವವಾಗಿ ಜೀವನ ಸಾಗಿಸಿದರೆ ಅದರಲ್ಲಿ ತಪ್ಪೇನಿದೆ? ಅಟ್ಟದ ಮೇಲಿನ ಹಳಬರಿಗೆ ಒಂದು ಕಾಸೂ ಕೊಡದೆ ದುಡಿಸಿಕೊಂಡ ನಾವು ಇಂದಿನವರಿಗೆ ತ್ಯಾಗದ ಉಪದೇಶ ಮಾಡುವುದು ಶೋಭೆಯಲ್ಲ.

ಶಂಕೆ ಬರುವುದು ಬೇರೆಡೆ. ಮಹಾಸಭೆ ಬಯಸಿದ್ದು ಸಭೆಯೆಲ್ಲ ಹಾಡಬೇಕೆಂದು. ಎಲೆಕ್ಟ್ರಾನಿಕ್ ಕೀಬೋರ್ಡು ಬಂದ ಮೇಲೆ ಗುಂಡಿಯೊಂದನ್ನು ಒತ್ತಿದರೆ ತಾಳ ತಾನಾಗಿ ನಡೆಯುತ್ತದೆ. ಆ ತಾಳ ಸಭೆಗಾಗಿ ಕಾಯುವುದಿಲ್ಲ. ಹಾರ್ಮೋನಿಯಂ ಬಾರಿಸುವವನು ಮುದುಕರ ಉಸಿರಿಗೆ ತಕ್ಕಂತೆ ತಿದಿಯನ್ನು ನಿಧಾನಿಸುತ್ತಿದ್ದ. ಯಂತ್ರಕ್ಕೆ ಆ ದಾಕ್ಷಿಣ್ಯವಿಲ್ಲ. ಧ್ವನಿವರ್ಧಕ ಮುಂದೆ ಬಂದಷ್ಟೂ ಬೆಂಚುಗಳ ಸಾಲು ಮೌನವಾಗುತ್ತದೆ. ವಾರಕ್ಕೊಂದು ಹೊಸ ಹಾಡು ಮೊಬೈಲಿನಿಂದ ಇಳಿದು ಬಂದರೆ ಅದನ್ನು ಕಲಿಯುವಷ್ಟರಲ್ಲಿ ಅದು ಹಳತಾಗಿರುತ್ತದೆ. ಕೊನೆಗೆ ಲ್ಯಾಟಿನ್ ಕಾಲದಲ್ಲಿ ಜಪಸರ ಹಿಡಿದು ಕುಳಿತವರ ಮೊಮ್ಮಕ್ಕಳು, ತಮ್ಮದೇ ಭಾಷೆಯ ಹಾಡನ್ನು ಕೇಳುತ್ತ, ಅಷ್ಟೇ ಮೌನವಾಗಿ ಕುಳಿತಿರುವಂತಾಗಿದೆ.

ಈ ಚಿಂತೆ ನಮ್ಮೊಬ್ಬರದೇ ಅಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ವಾಟ್‌ಫರ್ಡ್ ಎಂಬ ಊರಿನ ಸಭೆಯೊಂದರಲ್ಲಿ, ಜನರು ಹಾಡುವುದನ್ನು ಬಿಟ್ಟು ಕೇಳುವವರಾಗಿದ್ದಾರೆಂದು ಕಂಡು, ಕೆಲವು ಕಾಲ ವಾದ್ಯವೃಂದವನ್ನೂ ಧ್ವನಿವರ್ಧಕಗಳನ್ನೂ ಪೂರ್ತಿಯಾಗಿ ತೆಗೆದಿಟ್ಟರು. ಮೊದಮೊದಲು ಸಭೆ ಮುಜುಗರಪಟ್ಟು, ಬಳಿಕ ಬರಿಯ ಕಂಠದಿಂದ ಹಾಡತೊಡಗಿತು. ಅಲ್ಲಿಯ ಗಾಯಕ ಮ್ಯಾಟ್ ರೆಡ್ಮನ್ ಆ ಅನುಭವವನ್ನು ಕುರಿತು ರಚಿಸಿದ ಗೀತೆ ಜಗತ್ತನ್ನೆಲ್ಲ ಸುತ್ತಿತು, ಬೃಹತ್ ವಾದ್ಯವೃಂದಗಳೊಡನೆ! ಈ ವಿಪರ್ಯಾಸ ಅವರಿಗೂ ತಿಳಿದಿರಬೇಕು.

ನಮ್ಮ ಪೂಜಾವಿಧಿಯಲ್ಲಿ ಇಂತಹ ಪರೀಕ್ಷೆ ಪ್ರತಿವರ್ಷವೂ ತಾನಾಗಿ ಬರುತ್ತದೆ. ಪವಿತ್ರ ಗುರುವಾರದ ಮಹಿಮಾಗೀತೆಯಿಂದ ಪಾಸ್ಖ ಜಾಗರಣೆಯ ಮಹಿಮಾಗೀತೆಯವರೆಗೆ ಗಂಟೆ ಮೌನ. ವಾದ್ಯಕ್ಕೆ ಹಾಡಿಗೆ ಆಸರೆಯಾಗುವಷ್ಟು ಮಾತ್ರ ಅವಕಾಶ. ಗಂಟೆಯ ಬದಲು ಮರದ ತಾಳ ಸದ್ದು ಮಾಡುತ್ತದೆ. ಆ ದಿನಗಳು ಬರುವುದು ಹೂಮಳೆಯ ಆಸುಪಾಸಿನಲ್ಲಿ. ಮಳೆ ಸರಿಯಾಗಿ ಬಿದ್ದ ವರ್ಷಗಳಲ್ಲಿ ತೆರೆದ ಕಿಟಕಿಯಿಂದ ಕಾಫಿ ಹೂವಿನ ಕಂಪು ಒಳಕ್ಕೆ ಬರುತ್ತಿರುವಾಗ ಶುಭ ಶುಕ್ರವಾರದ ಹಳೆಯ ಹಾಡುಗಳನ್ನು ಜನರು ವಾದ್ಯವಿಲ್ಲದೆ ಹಾಡುತ್ತಾರೆ. ಆಗ ಯಾರೂ ಪುಸ್ತಕ ನೋಡುವುದಿಲ್ಲ. ಶ್ರುತಿ ಅಲ್ಲಲ್ಲಿ ಜಾರುತ್ತದೆ, ಹಿಂದಿನ ಸಾಲಿನ ಮುದುಕರು ಅರ್ಧ ಸಾಲು ತಡವಾಗಿ ಮುಗಿಸುತ್ತಾರೆ. ಆದರೂ ಅದು ಸಭೆಯ ಹಾಡು. ೨೦೨೦ರ ಪವಿತ್ರ ವಾರದಲ್ಲಿ ಸಾಂಕ್ರಾಮಿಕದ ನಿಮಿತ್ತ ದೇವಾಲಯಗಳು ಮುಚ್ಚಿದ್ದಾಗ ಜನರು ಮೊಬೈಲಿನ ಪರದೆಯಲ್ಲಿ ಪೂಜೆಯನ್ನು ನೋಡಿದರು. ಗಾಯನ ಅದರಲ್ಲಿಯೂ ಇತ್ತು, ಬಹುಶಃ ಎಂದಿಗಿಂತ ಶುದ್ಧವಾಗಿಯೇ ಇತ್ತು. ಆದರೆ ಜೂನ್ ತಿಂಗಳಲ್ಲಿ ಬಾಗಿಲು ತೆರೆದ ಮೇಲೆ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ನಿಂತ ಕೆಲವೇ ಜನ ಗುನುಗಿದ ಹಾಡಿಗೆ ಇದ್ದ ತೂಕ ಅದಕ್ಕಿರಲಿಲ್ಲ.

ಇಂದು ಬೆಟ್ಟದ ಗಾಯನವೃಂದಗಳ ಸ್ಥಿತಿ ಹೇಳಿಕೊಳ್ಳುವಂತಿಲ್ಲ. ಕಲಿತ ಯುವಕರು ಬೆಂಗಳೂರಿಗೂ ಕೊಲ್ಲಿ ದೇಶಗಳಿಗೂ ಹೋಗುತ್ತಾರೆ. ಕೀಬೋರ್ಡು ನುಡಿಸಬಲ್ಲ ಒಬ್ಬ ಹುಡುಗ ಪದವಿ ಓದಲು ಹೊರಟರೆ ಆ ವರ್ಷವೆಲ್ಲ ಧರ್ಮಕೇಂದ್ರ ಮೂಗಾಗುತ್ತದೆ. ಕುದುರೆಮುಖದಲ್ಲಿ ೨೦೦೫ರ ಕೊನೆಗೆ ಗಣಿಗಾರಿಕೆ ನಿಂತು ಪಟ್ಟಣ ಬರಿದಾದಾಗ ಕಳಸದ ಸೀಮೆಯಿಂದ ಹಾಡಬಲ್ಲ ಕುಟುಂಬಗಳೂ ಚದುರಿಹೋದವು. ಉಳಿದಿರುವ ಹೆಣ್ಣುಮಕ್ಕಳು, ಒಬ್ಬಿಬ್ಬರು ಉಪಾಧ್ಯಾಯರು, ನಿವೃತ್ತರಾದ ರೈಟರೊಬ್ಬರು ಸೇರಿ ಹೇಗೋ ನಡೆಸುತ್ತಿದ್ದಾರೆ. ಅವರಿಗೆ ತರಬೇತಿ ಬೇಕು, ಮಳೆಗಾಲದಲ್ಲಿ ವಾದ್ಯವಿಡಲು ಒಣಗಿದ ಕಪಾಟು ಬೇಕು, ಹೋಗಿಬರುವ ಬಸ್ಸಿನ ಖರ್ಚಾದರೂ ಸಿಗಬೇಕು. ಹೊಸ ಧ್ವನಿವರ್ಧಕಕ್ಕೆ ಹಣ ಒದಗುವ ಕಡೆ ಇದಕ್ಕೆ ಒದಗದಿರಲು ಕಾರಣ ಕಾಣೆ.

ಕಡೆಯದಾಗಿ ಒಂದು ಬಿನ್ನಹ. ಮೇಲೆ ಹೇಳಿದ ನೋಟುಪುಸ್ತಕಗಳು ಈಗಲೂ ನಮ್ಮ ಹಲವು ಮನೆಗಳ ಅಟ್ಟದ ಮೇಲೆ, ಹಳೆಯ ಟ್ರಂಕುಗಳಲ್ಲಿ ಇವೆ. ಲ್ಯಾಟಿನ್, ಕೊಂಕಣಿ, ತಮಿಳು, ಕನ್ನಡ ಹಾಡುಗಳಿರುವ, ಅಂಚಿನಲ್ಲಿ ಸ್ವರಗಳನ್ನು ಗುರುತು ಮಾಡಿರುವ ಆ ಪುಟಗಳಿಗೆ ಗೆದ್ದಲು ಹಿಡಿಯುತ್ತಿದೆ. ಬರೆದವರ ಹೆಸರು ಎಷ್ಟೋ ಕಡೆ ಮೊದಲ ಪುಟದಲ್ಲಿಯೇ ಇದೆ. ಅಂತಹ ಪುಸ್ತಕವುಳ್ಳವರು ಮುಂದಿನ ಮಳೆಗಾಲ ಹಿಡಿಯುವ ಮೊದಲೇ ಅದನ್ನು ವಿಚಾರಣೆ ಗುರುಗಳ ಕಚೇರಿಗೆ ತಂದುಕೊಟ್ಟರೆ ಪ್ರತಿ ತೆಗೆದು ಮೂಲವನ್ನು ಹಿಂತಿರುಗಿಸಬಹುದು. ಆ ಹೆಸರುಗಳನ್ನೆಲ್ಲ ಒಂದು ದಫ್ತರದಲ್ಲಿ ಬರೆದಿಡಬಹುದು.